ಮದುವೆ ಸೌದೆ

ಹೊಸ ಒಲೆಗೆ ಬೆಂಕಿ ಹಚ್ಚುವ ಮೊದಲು ತರನ್ನುಮ್ ಅದರ ಸುತ್ತ ಒಂದು ಸುತ್ತು ಬಂದಳು. ಒಲೆ ಬಂದು ವಾರವಾಗಿದ್ದರೂ ಅದನ್ನು ಮುಟ್ಟಿ ನೋಡುವ ಆಸೆ ಅವಳಿಗಿನ್ನೂ ತೀರಿರಲಿಲ್ಲ. ಕಬ್ಬಿಣದ ಮೈ, ಒಳಗೆ ಬೆಂಕಿ ತಡೆಯುವ ಇಟ್ಟಿಗೆ, ಗಾಳಿಯನ್ನು ಹೆಚ್ಚು ಕಡಿಮೆ ಮಾಡಲು ಒಂದು ಪುಟ್ಟ ಬಾಗಿಲು, ಚಿಮಣಿಗೆ ಹೋಗುವ ಬಿಸಿಯಲ್ಲೇ ಇನ್ನೊಂದು ತೊಟ್ಟಿಯ ನೀರು ಕಾಯಿಸುವ ಕೊಳವೆ. ಹಳೆಯ ಮಣ್ಣಿನೊಲೆ ಇದ್ದಾಗ ಶೆಡ್ಡಿನ ಆ ತುದಿಯಲ್ಲಿ ಯಾರು ಕೂತಿದ್ದಾರೆಂದು ಕೆಮ್ಮು ಕೇಳಿ ಗುರುತಿಸಬೇಕಿತ್ತು. ಈಗ ಎದುರು ಗೋಡೆಯ ಮೇಲೆ ಅವಳ ತಾತ ಯಾವ ಕಾಲದಲ್ಲೋ ಬಳಿಸಿದ್ದ ಹಸಿರು ಪಟ್ಟಿ ಕೂಡ ಕಾಣುತ್ತಿತ್ತು.

ಆದರೆ ಒಲೆ ಇನ್ನೂ ಅವರದಾಗಿರಲಿಲ್ಲ. ಅದು ಇವತ್ತು ತೀರ್ಮಾನವಾಗಬೇಕಿತ್ತು.

ಶಿಡ್ಲಘಟ್ಟದ ಆ ಬೀದಿಯಲ್ಲಿ ಎಲ್ಲ ಮನೆಯ ಹಿಂದೆಯೂ ಇಂಥದೇ ಶೆಡ್ಡು. ಮಾರುಕಟ್ಟೆಯಿಂದ ತಂದ ರೇಷ್ಮೆಗೂಡನ್ನು ಬೇಯಿಸಿ, ಬಿಸಿನೀರಿನ ಬೇಸಿನ್ನಿಗೆ ಹಾಕಿ, ಎಳೆ ಹಿಡಿದು ನೂಲು ಬಿಚ್ಚುವ ಕೆಲಸ. ಬೆಂಕಿ ಆರಿದರೆ ಎಲ್ಲವೂ ನಿಲ್ಲುತ್ತದೆ. ಹಾಗಾಗಿ ಬೀದಿ ತುಂಬ ಸೌದೆ, ಸೂರಿನ ತುಂಬ ಹೊಗೆ, ಅದರ ಮೇಲೆ ಬೆಂದ ಹುಳದ ವಾಸನೆ. ಬಿ.ಎಸ್ಸಿ. ಮುಗಿಸಿ ಅಪ್ಪನ ಶೆಡ್ಡು ನೋಡಿಕೊಳ್ಳತೊಡಗಿದ ತರನ್ನುಮ್, ಚಿಕ್ಕಬಳ್ಳಾಪುರದಲ್ಲಿ ನಡೆದ, ನೂಲು ಬಿಚ್ಚಿಸುವ ರೀಲರುಗಳ ಸಭೆಯಲ್ಲಿ ಇಂಧನ ಉಳಿತಾಯ ಯೋಜನೆಯ ವಿಷಯ ಕೇಳಿಕೊಂಡು ಬಂದಿದ್ದಳು. ಸೌದೆ ಉಳಿಸುವ ಒಲೆ ಹಾಕಿಸಿಕೊಂಡರೆ ಅದರ ಬೆಲೆಯಲ್ಲಿ ದೊಡ್ಡ ಪಾಲನ್ನು ಸರ್ಕಾರವೇ ಕೊಡುತ್ತದೆ. ಷರತ್ತು ಒಂದೇ. ಹಳೆಯ ಒಲೆ ದಿನಕ್ಕೆ ಎಷ್ಟು ಸೌದೆ ತಿನ್ನುತ್ತದೆ ಎಂದು ಮೊದಲು ತೂಗಬೇಕು, ಹೊಸದು ಎಷ್ಟು ತಿನ್ನುತ್ತದೆ ಎಂದು ಆಮೇಲೆ ತೂಗಬೇಕು, ಕಾಲು ಭಾಗವಾದರೂ ಉಳಿದಿರಬೇಕು. ಉಳಿಯದಿದ್ದರೆ ಚಿಂತಾಮಣಿಯ ಕಂಪನಿಯವರು ಬಂದು ಒಲೆ ಬಿಚ್ಚಿಕೊಂಡು ಹೋಗುತ್ತಾರೆ. ಮತ್ತೆ ಮಣ್ಣಿನೊಲೆ, ಮತ್ತೆ ಕೆಮ್ಮು.

ಅವಳ ಅಪ್ಪ ಅಮಾನುಲ್ಲಾ ಸುಲಭಕ್ಕೆ ಒಪ್ಪಿರಲಿಲ್ಲ. "ಸರ್ಕಾರ ಕೊಡೋಕೆ ಬರ್ತೈತೆ ಅಂದ್ರೆ ಹಿಂದಿನ ಬಾಗ್ಲಿಂದ ತಗೊಂಡು ಹೋಗೋಕೂ ಬರ್ತೈತೆ ಬೇಟಾ" ಎಂದು ಗೊಣಗಿದ್ದ. ಶೆಡ್ಡಿನ ಹಿರಿಯ ಕೆಲಸಗಾರ್ತಿ ವೆಂಕಟರತ್ನಮ್ಮ ಒಂದು ದಿನ ಕಣ್ಣು ಉಜ್ಜಿಕೊಳ್ಳುತ್ತ, "ನಂಗೆ ಈಗ ಎಳೆ ಒಂದಿದ್ರೆ ಎರಡು ಕಾಣ್ತವೆ ಸಾಬ್ರೇ, ಕೂಲಿನೂ ಎರಡು ಕೊಡ್ರಿ" ಎಂದ ಮೇಲೆ ಬಾಯಿ ಮುಚ್ಚಿಕೊಂಡು ಒಪ್ಪಿದ್ದ.

ಮೊದಲ ತೂಕದ ದಿನ ತರನ್ನುಮ್ ಊರಲ್ಲಿರಲಿಲ್ಲ. ಚಿಂತಾಮಣಿಯಲ್ಲಿ ಅಮ್ಮನ ತಂಗಿ ಖಾಲಾನ ಮಗಳ ನಿಶ್ಚಿತಾರ್ಥಕ್ಕೆ ಹೋಗಿದ್ದಳು. "ಎಲ್ಲಾ ಚೆನ್ನಾಗಾಯ್ತು" ಎಂದಷ್ಟೇ ಅಪ್ಪ ಫೋನಿನಲ್ಲಿ ಹೇಳಿದ್ದ. ಅವಳೂ ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ. ಹಳೆಯ ಒಲೆ ಎಂಥ ಹೊಟ್ಟೆಬಾಕ ಎಂದು ಬೀದಿಗೆಲ್ಲ ಗೊತ್ತಿತ್ತು. ಕೇಳುವುದಕ್ಕೆ ಏನಿತ್ತು?

ಸೌದೆ ತೂಗುವ ಇಂಜಿನಿಯರ್ ಯಾಮಿನಿ ತೊಂಡೇಬಾವಿಯವಳು. ಜಿಲ್ಲೆಯ ಇಂಥ ಒಲೆಗಳನ್ನೆಲ್ಲ ಅಳೆಯುವ ಗುತ್ತಿಗೆ ಹಿಡಿದ ಸಂಸ್ಥೆಯೊಂದರಲ್ಲಿ ಕೆಲಸ. ಇವತ್ತು ಬೆಳಿಗ್ಗೆಯೇ ತೂಕದ ಯಂತ್ರ ಹೊತ್ತು ಆಟೋದಿಂದ ಇಳಿದಳು. ಚಾ ಕುಡಿಯುತ್ತ ಟ್ಯಾಬ್ ತೆರೆದು, "ನಿಮ್ಮಪ್ಪನಿಗೆ ಬಹುಮಾನ ಕೊಡ್ಬೇಕು ಕಣ್ರೀ" ಎಂದಳು. "ಹಳೇ ಒಲೇಲಿ ಇಷ್ಟು ಕಮ್ಮಿ ಸೌದೆ ಉರಿಸೋ ಶೆಡ್ಡನ್ನ ನಾನು ಈ ತಾಲ್ಲೂಕಲ್ಲೇ ನೋಡಿಲ್ಲ. ಇದಕ್ಕಿಂತ ಕಾಲು ಭಾಗ ಕಮ್ಮಿ ಮಾಡೋದು ಕಷ್ಟ ಐತೆ."

ಅಮಾನುಲ್ಲಾ ಗಡ್ಡ ನೀವಿಕೊಂಡು ನಕ್ಕ. ತರನ್ನುಮ್ ಟ್ಯಾಬಿನಲ್ಲಿದ್ದ ಅಂಕಿ ನೋಡಿದಳು. ಚಾ ಲೋಟ ಕೆಳಗಿಟ್ಟು ಇನ್ನೊಮ್ಮೆ ನೋಡಿದಳು. ಆ ಅಂಕಿ ಅವರ ಒಲೆಯದಾಗಲು ಸಾಧ್ಯವೇ ಇರಲಿಲ್ಲ.

ಒಲೆಗೆ ಸೌದೆ ಒಡ್ಡುವ ನಲ್ಲಪ್ಪ ಹಿತ್ತಲಲ್ಲಿ ಕೊಡಲಿ ಹಿಡಿದು ನಿಂತಿದ್ದ. ತರನ್ನುಮ್ ನೇರ ಅವನ ಹತ್ತಿರ ಹೋದಳು.

"ನಲ್ಲಪ್ಪಣ್ಣ, ಅವತ್ತು ಏನು ಉರಿಸ್ದೆ?"

"ಸಾಬ್ರು ಹೇಳಿದ್ದು ಉರಿಸ್ದೆ."

"ಸಾಬ್ರು ಏನು ಹೇಳಿದ್ರು?"

ನಲ್ಲಪ್ಪ ಹಿತ್ತಲ ಮೂಲೆಯ ತಗಡಿನ ಚಪ್ಪರದ ಕಡೆ ಒಮ್ಮೆ ನೋಡಿ ನೆಲ ನೋಡಿದ. ಅಲ್ಲಿ ಟಾರ್ಪಾಲು ಹೊದಿಸಿದ ರಾಶಿ ಹಾಗೆಯೇ ಇತ್ತು. ತರನ್ನುಮ್ ಟಾರ್ಪಾಲು ಎಳೆದಳು. ಕೆಳಗೆ ಹಿಪ್ಪುನೇರಳೆ ಕಡ್ಡಿ, ಮಣ್ಣು ಮೆತ್ತಿದ ನೀಲಗಿರಿ ಬೊಡ್ಡೆ, ಸಾಮಿಲ್ಲಿನ ಸಿಪ್ಪೆ. ಅಲ್ಲಿರಬೇಕಾಗಿದ್ದದ್ದು ಹುಣಸೆ ಸೌದೆ. ವರ್ಷಗಟ್ಟಲೆ ನೆರಳಲ್ಲಿ ಒಣಗಿ, ತಟ್ಟಿದರೆ ಠಣ್ ಅನ್ನುವಂಥ, ಸ್ವಲ್ಪ ಹಾಕಿದರೂ ಬಹಳ ಹೊತ್ತು ಉರಿಯುವಂಥ ಹುಣಸೆ. ತನ್ನ ಮದುವೆಯ ದಿನ ಬಿರಿಯಾನಿಯ ದೊಡ್ಡ ಹಂಡೆ, ದೇಗ, ಬೇಯಿಸಿ ಇಳಿಸಲು ಅಪ್ಪ ಕೂಡಿಟ್ಟಿದ್ದು. ಒಂದು ತುಂಡು ತೆಗೆದವರ ಕೈ ಮುರಿಯುತ್ತೇನೆ ಎನ್ನುತ್ತಿದ್ದವನು.

"ಅಬ್ಬಾ!" ಎಂದು ಅವಳು ಅಪ್ಪನನ್ನು ಕೂಗಿದಳು.

ಅಮಾನುಲ್ಲಾ ಬಂದು ಬಾಗಿಲಲ್ಲೇ ನಿಂತ. ಮಗಳ ಮುಖ ನೋಡಿದವನೇ ಹಿಂದೆ ತಿರುಗಿ ಯಾಮಿನಿ ಎಲ್ಲಿದ್ದಾಳೆಂದು ನೋಡಿ, ದನಿ ತಗ್ಗಿಸಿದ.

"ಇಲಾಖೆ ಕಡೆಯೋರು ಬರ್ತಾರೆ ಅಂದ್ರೆ ಈ ಕಸ ಉರಿಸೋಕಾಗ್ತದಾ? ಮನೆಗೆ ಬಂದೋರ ಮುಂದೆ ಹೊಗೆ ಎಬ್ಬಿಸ್ತಾರಾ?"

"ಅದಕ್ಕೇ?"

"ಬೇಸಿನ್ ಎಲ್ಲಾ ತಿಕ್ಕಿಸ್ದೆ. ಒಲೆ ಬಿರುಕು ಮುಚ್ಚಿಸ್ದೆ. ಗೂಡೂ ಒಳ್ಳೇದೇ ತಂದಿದ್ದೆ. ಆ ಹುಡುಗಿ ಎಷ್ಟು ಹೊಗಳಿದ್ಲು ಗೊತ್ತಾ?"

ತರನ್ನುಮ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನದು ಬೀದಿಯ ಎಲ್ಲರದೂ ಆದ ಅಭ್ಯಾಸ. ಯಾವ ಕಚೇರಿಯವರು ಬರುತ್ತಾರೆಂದರೂ ಗೋಡೆಗೆ ಸುಣ್ಣ ಬೀಳುತ್ತಿತ್ತು, ಹೊಗೆ ಮಾಯವಾಗುತ್ತಿತ್ತು, ಕೆಮ್ಮುವವರಿಗೆ ಆವತ್ತು ರಜೆ ಸಿಗುತ್ತಿತ್ತು. ಬಂದವರು ತಪ್ಪು ಹುಡುಕುವವರು, ನಾವು ಮುಚ್ಚುವವರು. ಜೀವಮಾನದಲ್ಲಿ ಮೊದಲ ಸಲ ಸರ್ಕಾರವೇ ನಿಮ್ಮ ಕೊಳಕು ತೋರಿಸಿ, ಅದಕ್ಕೇ ಹಣ ಕೊಡುತ್ತೇವೆ ಎಂದಿತ್ತು. ಅಪ್ಪ ಅದಕ್ಕೆ ಅತ್ತರು ಹಾಕಿ ಕಳಿಸಿದ್ದ.

"ನಾನು ಈಗಲೇ ಹೇಳ್ತೀನಿ ಅವ್ರಿಗೆ."

"ಹೇಳು. ನಮ್ಮಪ್ಪ ನಾಟಕ ಆಡ್ದ ಅನ್ನು. ಬೀದಿಲಿ ಡಂಗುರ ಹೊಡಿ." ಅಮಾನುಲ್ಲಾ ಮುಖ ಊದಿಸಿಕೊಂಡ. "ಒಲೆ ಅಷ್ಟು ಜೋರಿದ್ರೆ ಹುಣಸೇನೂ ಸೋಲಿಸ್ಲಿ, ನೋಡಣ."

ಅವಳೂ ರೇಗಿದಳು. "ಸರಿ, ನೋಡಣ."

ಕೋಪದಲ್ಲಿ ಆಡಿದ ಮಾತು, ಯಾಮಿನಿಗೆ ಹೇಳದೆ ಒಲೆ ಹಚ್ಚಿಸಿಯೂ ಬಿಟ್ಟಳು. ಆದರೆ ಒಲೆ ಹೊತ್ತಿಕೊಂಡ ಮೇಲೆ ಅವಳ ಕೋಪ ಎಲ್ಲಿ ಹೋಯಿತೋ. ಬೆಂಕಿ ಬೊರ್ರೆಂದು ಒಳಗೇ ಸುಳಿಯುತ್ತಿತ್ತು. ಹೊಗೆ ನೇರ ಚಿಮಣಿ ಹಿಡಿದು ಹೋಗುತ್ತಿತ್ತು. ಹೆಂಗಸರೆಲ್ಲ ಬೇಸಿನ್ನಿನ ಮುಂದೆ ಕೂತು, ಬಿಸಿನೀರಿಗೆ ಬೆಳ್ಳಗಾದ ಬೆರಳಲ್ಲಿ ಎಳೆ ಹುಡುಕುತ್ತ, ಸಿನಿಮಾ ನೋಡಲು ಬಂದವರ ಹಾಗೆ ಒಲೆ ಕಡೆಯೇ ನೋಡುತ್ತಿದ್ದರು. ನಲ್ಲಪ್ಪ ಪ್ರತಿ ಹೊರೆಯನ್ನೂ ತೂಕದ ಯಂತ್ರದ ಮೇಲಿಟ್ಟು ಒಲೆಗೆ ಒಡ್ಡುತ್ತಿದ್ದ. ಅವನು ಹಳೆಯ ಅಭ್ಯಾಸದಲ್ಲಿ ಬಾಯಿ ತುಂಬ ತುರುಕಲು ಹೋದಾಗಲೆಲ್ಲ ತರನ್ನುಮ್ ಕೂಗುತ್ತಿದ್ದಳು.

"ಸ್ವಲ್ಪ ಸ್ವಲ್ಪ ನಲ್ಲಪ್ಪಣ್ಣ! ಅದೇನು ಎಮ್ಮೆನಾ?"

"ಬಿಡಮ್ಮಾ, ಸೌದೆ ಹಾಕೋನಿಗೆ ಯಾವತ್ತಾದ್ರೂ ಸ್ವಲ್ಪ ಅನ್ನೋ ಮಾತು ಬತ್ತದಾ?" ಎಂದಳು ವೆಂಕಟರತ್ನಮ್ಮ. "ಅವನು ಮುದ್ದೆನೂ ಅಂಗೇ ತಿಂತಾನೆ."

ಶೆಡ್ಡು ಗೊಳ್ಳೆಂದಿತು. ವೆಂಕಟರತ್ನಮ್ಮ ಸೆರಗು ಕೊಡವಿ, "ದೇವುಡಾ, ಇವತ್ತೂ ಇಷ್ಟೊತ್ತು ಕಣ್ಣು ಒರೆಸ್ಕೊಂಡಿಲ್ಲ ನೋಡು ನಾನು" ಎಂದಳು.

ಮಧ್ಯಾಹ್ನದ ಹೊತ್ತಿಗೆ ಗೆದ್ದೇ ಬಿಟ್ಟೆವು ಎನ್ನಿಸಿತು ತರನ್ನುಮ್‌ಗೆ. ಹಿತ್ತಲ ಕಸವೇ ಉರಿಯುತ್ತಿದ್ದರೂ ನೀರು ಒಮ್ಮೆಯೂ ತಣ್ಣಗಾಗಿರಲಿಲ್ಲ. ಆದರೆ ಗೂಡು ಮುಗಿದು, ಯಾಮಿನಿ ಲೆಕ್ಕ ಕೂಡಿಸಿ ತಲೆ ಎತ್ತಿದಾಗ ಅವಳ ಮುಖ ಸಪ್ಪಗಿತ್ತು.

"ಹಳೇದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಸಮ ಸಮ."

"ಸಮ ಅಂದ್ರೆ?"

"ಉಳಿತಾಯ ಇಲ್ಲ ಅಂತ ಬರೀಬೇಕು ತರನ್ನುಮ್. ನಾಳೆ ಸಂಜೆಗೆ ಯೋಜನೆ ಪಟ್ಟಿ ಮುಚ್ತಾರೆ. ನಾನೇನು ಮಾಡ್ಲಿ ಹೇಳಿ?"

ಬಾಗಿಲಲ್ಲಿ ಯಾರೋ ಕೆಮ್ಮಿದರು. ಎದುರು ಶೆಡ್ಡಿನ ಗೌಹರ್. ಅಮಾನುಲ್ಲಾನ ಬಾಲ್ಯದ ಗೆಳೆಯ, ಗೂಡಿನ ಹರಾಜಿನಲ್ಲಿ ಖಾಯಂ ಎದುರಾಳಿ. ಬೆಳಗಿನಿಂದ ಏನಾದರೊಂದು ನೆಪ ಮಾಡಿಕೊಂಡು ನಾಲ್ಕಾರು ಸಲ ಬಂದು ಇಣುಕಿದ್ದ.

"ನಾನು ಹೇಳಿರ್ಲಿಲ್ವಾ ಅಮಾನ್ ಭಾಯ್? ಹಳೇ ಒಲೇನೇ ಬಂಗಾರ. ಮಗಳ ಮಾತು ಕೇಳಿ ಬಂಗಾರ ಒಡೆದು ತಗಡು ತಂದ್ಯಲ್ಲೋ."

ವೆಂಕಟರತ್ನಮ್ಮ ಎದ್ದು ನಿಂತಿದ್ದಳು. ಅವಳ ದನಿಯಲ್ಲಿ ಬೆಳಗಿನ ತಮಾಷೆ ಇರಲಿಲ್ಲ.

"ಹಳೇ ಒಲೆ ಮತ್ತೆ ಬತ್ತದಾ ಸಾಬ್ರೇ? ಬರೋ ಹಂಗಿದ್ರೆ ಇವತ್ತೇ ಹೇಳ್ಬಿಡ್ರಿ. ಒಂದು ವಾರ ಕಣ್ಣು ಬಿಟ್ಕೊಂಡು ಕೆಲಸ ಮಾಡಿದ್ದೀನಿ. ಇನ್ನು ಮುಚ್ಕೊಂಡು ಮಾಡೋಕೆ ನಂಗಾಗಲ್ಲ."

ಉಳಿದ ಹೆಂಗಸರೂ ಎದ್ದು ಅವಳ ಪಕ್ಕ ನಿಂತರು.

ತರನ್ನುಮ್ ಅಪ್ಪನ ಮುಖ ನೋಡಿದಳು. ಇನ್ನು ತಾನೇ ಹೇಳಿಬಿಡುವುದೆಂದು ಬಾಯಿ ತೆರೆಯುವಷ್ಟರಲ್ಲಿ ಅಮಾನುಲ್ಲಾ, "ಬನ್ನಿ ಮೇಡಮ್" ಎಂದು ಯಾಮಿನಿಯನ್ನು ಕರೆದುಕೊಂಡು ಹಿತ್ತಲಿಗೆ ಹೊರಟ. ಎಲ್ಲರೂ ಹಿಂದೆ ಹೋದರು. ಅವನು ಟಾರ್ಪಾಲು ಎಳೆದು ಕಡ್ಡಿ ಬೊಡ್ಡೆಗಳ ರಾಶಿಯನ್ನು ಕಾಲಲ್ಲಿ ಒದ್ದ.

"ಇದು ನಮ್ಮ ಒಲೆ ದಿನಾ ತಿನ್ನೋದು. ಇವತ್ತು ಉರಿದಿದ್ದೂ ಇದೇ. ಅವತ್ತು ನಿಮಗೆ ಅಂತ ಹಾಕಿದ್ದು ಮದುವೆ ಸೌದೆ. ಹುಣಸೆ."

"ಮದುವೆ ಸೌದೆನಾ?"

"ಇವಳ ಮದುವೇದು" ಎಂದು ಮಗಳನ್ನು ತೋರಿಸಿದ. "ನೀವು ಬರ್ತೀರಾ ಅಂತ."

ಯಾಮಿನಿ ಒಂದು ಕಡ್ಡಿ ಎತ್ತಿ ಮುರಿಯಲು ನೋಡಿದಳು. ಅದು ಬಗ್ಗಿತೇ ಹೊರತು ಮುರಿಯಲಿಲ್ಲ, ಅಷ್ಟು ಹಸಿ. ಅವಳ ಕಿವಿ ಕೆಂಪಾಯಿತು.

"ಅಲ್ಲ ಸಾರ್, ಡಾಕ್ಟ್ರ ಹತ್ರ ಹೋಗೋವಾಗ ಜ್ವರ ಬಂದೋರಿಗೆ ಪೌಡರ್ ಬಳೀತಾರಾ ಯಾರಾದ್ರೂ? ಒಲೆಗೆ ಜ್ವರ ಇದ್ರೆ ತಾನೇ ನಾನು ಔಷಧಿ ಬರ್ಕೊಡೋದು?" ಕಡ್ಡಿಯನ್ನು ರಾಶಿಗೆ ಎಸೆದು ಮತ್ತೆ ಅಂದಳು, "ಸೌದೆ ಯಾವುದು ಅಂತ ನಾನೂ ಕೇಳ್ಲಿಲ್ಲ. ಬರೀ ತೂಕ ನೋಡ್ದೆ. ಅದು ನನ್ನ ತಪ್ಪು. ಈಗ ಹಳೇ ಒಲೇನ ಮತ್ತೆ ಅಳೆಯಣ ಅಂದ್ರೆ ಅದನ್ನ ಒಡೆದು ಹಾಕಿದ್ದೀರ."

ಅದು ನಿಜ. ಹಳೆಯ ಒಲೆಯ ಮಣ್ಣು ಬೀದಿಯ ಗುಂಡಿಗೆ ಬಿದ್ದು ವಾರವಾಗಿತ್ತು.

ತರನ್ನುಮ್‌ಗೆ ಥಟ್ಟನೆ ಹೊಳೆಯಿತು. ಹೊಳೆದ ರಭಸಕ್ಕೆ ಅವಳು ಯಾಮಿನಿಯ ತೋಳನ್ನೇ ಹಿಡಿದಳು.

"ಅಂಥದ್ದೇ ಇನ್ನೊಂದು ಐತೆ! ಅದೇ ಮೇಸ್ತ್ರಿ, ಅದೇ ಅಳತೆ. ಎರಡನ್ನೂ ಒಟ್ಟಿಗೆ ಕಟ್ಟಿಸಿದ್ರು."

ಎಲ್ಲರೂ ಒಮ್ಮೆಗೇ ಗೌಹರನ ಕಡೆ ತಿರುಗಿದರು. ಗೌಹರ್ ಎರಡು ಹೆಜ್ಜೆ ಹಿಂದೆ ಸರಿದ.

"ಏಯ್, ನನ್ನ ಯಾಕೆ ನೋಡ್ತೀರ?"

"ಗೌಹರ್ ಚಾಚಾ, ನಾಳೆ ಒಂದು ದಿನ" ಎಂದಳು ತರನ್ನುಮ್. "ಹರಾಜಲ್ಲಿ ತಂದ ಒಂದೇ ಲಾಟಿನ ಗೂಡು, ಒಂದೇ ರಾಶಿ ಸೌದೆ. ಅರ್ಧ ನಿಮಗೆ, ಅರ್ಧ ನಮಗೆ. ನಿಮ್ಮ ಒಲೆ ಹಳೇದು, ನಮ್ಮದು ಹೊಸದು. ಅಷ್ಟೇ."

ಯಾಮಿನಿ ಆಗಲೇ ಫೋನಿನಲ್ಲಿ ತನ್ನ ಮೇಲಿನವರೊಡನೆ ಮಾತಾಡುತ್ತಿದ್ದಳು. ಹೂಂ, ಸಾರ್, ಅಂಥದೇ ಒಲೆ, ಎದುರು ಶೆಡ್ಡು, ಹೂಂ. ಫೋನಿಟ್ಟು, "ಒಪ್ಪಿದ್ರು. ಎರಡು ಒಲೆನೂ ಅಳತೆ ಮಾಡಿ ಫೋಟೋ ಹಾಕ್ಬೇಕಂತೆ" ಎಂದಳು.

"ಅವರು ಒಪ್ಪಿದ್ರೆ ಸಾಕಾ? ನಾನು ಒಪ್ಪಬೇಡ್ವಾ?" ಗೌಹರ್ ಕುತ್ತಿಗೆಯ ಟವಲು ಕೊಡವಿದ. "ನನ್ನ ಒಲೆ ಹೊಟ್ಟೆಬಾಕ ಅಂತ ಸರ್ಕಾರದ ಕಂಪ್ಯೂಟರಲ್ಲಿ ಬರೆಸ್ಕೊಳ್ಳೋಕೆ ನಂಗೇನು ಹುಚ್ಚಾ?"

ಅಮಾನುಲ್ಲಾ ಅವನ ಕಡೆ ನೋಡಲೂ ಇಲ್ಲ. "ಬಿಡು ಬೇಟಾ, ಒತ್ತಾಯ ಮಾಡ್ಬೇಡ. ಅವನು ಹೆದರಿದ್ದಾನೆ. ಹರಾಜಲ್ಲೂ ಹಿಂಗೇ, ಕೊನೇಲಿ ಕೈ ಕೆಳಗೆ ಹಾಕ್ಬಿಡ್ತಾನೆ."

"ಯಾರಿಗೋ ಹೆದರಿಕೆ?" ಗೌಹರ್ ಕೂಗಿದ. "ತಗಡಿಗೆ ಹೆದರ್ತೀನಾ ನಾನು? ಬನ್ನಿ ನಾಳೆ. ಬನ್ನಿ ಮೇಡಮ್, ಬೆಳಿಗ್ಗೇನೇ ಬನ್ನಿ." ಅಷ್ಟಕ್ಕೇ ನಿಲ್ಲದೆ ತನ್ನ ಶೆಡ್ಡಿನ ಕಡೆ ತಿರುಗಿ ಬೀದಿಗೆಲ್ಲ ಕೇಳುವಂತೆ ಅಂದ, "ಏಯ್, ಯಾರ್ರೋ ಒಳಗೆ? ಬೇಸಿನ್ ತಿಕ್ರೋ! ಒಲೆ ಬಿರುಕಿಗೆ ಮಣ್ಣು ಮೆತ್ರೋ! ನನ್ನ ಮಗ ನೂಮಾನ್ ಮದುವೆಗೆ ಇಟ್ಟಿರೋ ಹುಣಸೆ ಸೌದೆ..."

"ಚಾಚಾ!" ತರನ್ನುಮ್ ಬೀದಿಗೆ ಓಡಿದಳು. "ಯಾರೂ ಏನೂ ಮುಟ್ಬೇಡ್ರಿ! ಹೆಂಗೈತೋ ಹಂಗೇ ಇರ್ಲಿ! ಬಿರುಕು ಬಿರುಕಾಗೇ ಇರ್ಲಿ!"

ಯಾಮಿನಿ ಹಣೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಹೊರಡುವ ಮುನ್ನ ನೂಮಾನನ ಮದುವೆ ಸೌದೆಯ ಮೇಲೆ ಟಾರ್ಪಾಲು ಬಿಗಿದು, ಹಗ್ಗದ ಗಂಟಿಗೆ ಕಾಗದ ಅಂಟಿಸಿ ಸಹಿ ಹಾಕಿ ಹೋದಳು. ಮರುದಿನ ಬಂದವಳು ಮೊದಲು ನೋಡಿದ್ದು ಆ ಗಂಟನ್ನೇ.

ಮರುದಿನ ಬೀದಿಯಲ್ಲಿ ನಡೆಯಲು ಜಾಗವಿರಲಿಲ್ಲ. ಬೇರೆ ಶೆಡ್ಡಿನವರು ಕೆಲಸ ಬಿಟ್ಟು ಬಂದಿದ್ದರು. ಒಂದೇ ಲಾಟಿನ ಗೂಡನ್ನು ಎರಡು ಪಾಲು ಮಾಡಲಾಯಿತು. ಅಮಾನುಲ್ಲಾನ ಹಿತ್ತಲ ಕಸದ ಸೌದೆಯನ್ನು ಯಾಮಿನಿ ಎಲ್ಲರೆದುರು ತೂಗಿ, ಎರಡು ಶೆಡ್ಡಿನ ಬಾಗಿಲಲ್ಲಿ ಎರಡು ಸಮ ರಾಶಿ ಹಾಕಿಸಿದಳು. ಬೀದಿಗೆ ಬೇರೆ ಲೆಕ್ಕ ಬೇಕಾಗಲಿಲ್ಲ. ಎಡಕ್ಕೆ ಒಂದು ರಾಶಿ, ಬಲಕ್ಕೆ ಒಂದು ರಾಶಿ, ಕರಗುವುದನ್ನು ಕಣ್ಣಲ್ಲೇ ನೋಡಬಹುದಿತ್ತು.

ಎರಡು ಚಿಮಣಿಯಿಂದಲೂ ಹೊಗೆ ಎದ್ದಿತು. ಗೌಹರನ ಶೆಡ್ಡಿನಲ್ಲಿ ಅದು ಬಾಗಿಲಿಂದಲೂ ಕಿಟಕಿಯಿಂದಲೂ ಬಂತು. ಗೌಹರ್ ತಾನೇ ಒಲೆ ಮುಂದೆ ಕೂತಿದ್ದ, ಕಣ್ಣು ಕೆಂಪು ಮಾಡಿಕೊಂಡು. ಮೊದಲು ಅವನದೇ ಮೇಲುಗೈ. ಹಳೆಯ ಒಲೆ ಅವನ ಕೈಗೆ ಒಗ್ಗಿದ್ದು, ಬೇಗ ನೀರು ಕುದಿಸಿತು. ಬೀದಿಯ ಆ ಪಕ್ಕದಿಂದ ಸಿಳ್ಳೆ ಬಿತ್ತು.

"ನೋಡ್ದಾ ಅಮಾನ್? ತಗಡು ಇನ್ನೂ ನಿದ್ದೆ ಮಾಡ್ತೈತೆ!"

"ಓಡೋನು ಮೊದಲು ಸುಸ್ತಾಗ್ಲಿ ತಾಳು" ಎಂದ ಅಮಾನುಲ್ಲಾ. ಅವನು ಇವತ್ತು ನಲ್ಲಪ್ಪನನ್ನು ಪಕ್ಕಕ್ಕೆ ತಳ್ಳಿ ಒಲೆಯ ಮುಂದೆ ತಾನೇ ಕೂತಿದ್ದ. ಗಾಳಿಯ ಬಾಗಿಲು ಸ್ವಲ್ಪ ತೆಗೆ, ಸ್ವಲ್ಪ ಹಾಕು ಎಂದು ತರನ್ನುಮ್ ಹೇಳಿದಂತೆಲ್ಲ ಮಾಡುತ್ತಿದ್ದ. ಒಂದು ಸಲವೂ ಎದುರು ಮಾತಾಡಲಿಲ್ಲ. ಅದೇ ಅವಳಿಗೆ ಆವತ್ತಿನ ದೊಡ್ಡ ಆಶ್ಚರ್ಯ.

ಬಿಸಿಲೇರುತ್ತಿದ್ದಂತೆ ಗೌಹರನ ರಾಶಿ ಕುಸಿಯತೊಡಗಿತು. ಹೊರೆಯ ಮೇಲೆ ಹೊರೆ ಒಳಗೆ ಹೋಗುತ್ತಿತ್ತು. ಅಮಾನುಲ್ಲಾನ ರಾಶಿಯ ಮೇಲೆ ಬೀದಿಯ ಬೆಕ್ಕೊಂದು ಬಂದು ಮಲಗಿತ್ತು. ಅದಿನ್ನೂ ಏಳಬೇಕಾಗಿ ಬಂದಿರಲಿಲ್ಲ. ವೆಂಕಟರತ್ನಮ್ಮ ನೂಲು ಬಿಚ್ಚುತ್ತಲೇ ಕೂತಲ್ಲಿಂದ ಬಗ್ಗಿ ಬಾಗಿಲಾಚೆ ನೋಡಿ ವರದಿ ಕೊಡುತ್ತಿದ್ದಳು.

"ಅಲ್ಲಿ ಅರ್ಧ ಹೋಯ್ತು! ನಮ್ಮ ಬೆಕ್ಕು ಮಗ್ಗುಲು ಬದಲಾಯಿಸ್ತು!"

ಗೌಹರನ ಶೆಡ್ಡಿನಲ್ಲಿ ಇನ್ನೂ ಗೂಡು ಬಾಕಿ ಇರುವಾಗಲೇ ಅವನ ರಾಶಿ ನೆಲ ಕಂಡಿತು. ಅವನು ಕಡೆಯ ಸಿಪ್ಪೆಗಳನ್ನು ಬಳಿದು ಒಲೆಗೆ ಹಾಕಿದ. ಉರಿ ಎದ್ದು, ಇಳಿಯಿತು. ಬೇಸಿನ್ನಿನ ಹೆಂಗಸರು, "ನೀರು ತಣ್ಣಗಾಗ್ತೈತೆ ಸಾಬ್ರೇ, ಎಳೆ ಹರಿತೈತೆ!" ಎಂದು ಬೊಬ್ಬೆ ಹೊಡೆದರು. ಅರ್ಧ ಬೆಂದ ಗೂಡನ್ನು ಬಿಟ್ಟು ಕೂರಲಾಗುವುದಿಲ್ಲ. ಬಿಟ್ಟರೆ ಅದು ಕಸ. ಗೌಹರ್ ಬಾಗಿಲಿಗೆ ಬಂದು ನಿಂತ. ಎದುರಿನ ರಾಶಿ ನೋಡಿದ.

ಅವನು ಬೀದಿ ದಾಟಿ ಬಂದ.

"ಅಮಾನ್ ಭಾಯ್. ಒಂದು ಹೊರೆ ಸೌದೆ ಕೊಡು."

ಅಮಾನುಲ್ಲಾ ಏಳುವ ಮೊದಲೇ ಯಾಮಿನಿ ತೂಕದ ಯಂತ್ರ ಎತ್ತಿಕೊಂಡು ಓಡಿ ಬಂದಳು. "ತಾಳಿ, ತಾಳಿ, ತೂಗದೇ ಒಂದು ಕಡ್ಡಿನೂ ದಾಟಂಗಿಲ್ಲ!" ಬೆಕ್ಕನ್ನು ಎಬ್ಬಿಸಿದರು. ಹೊರೆ ತೂಗಿಕೊಂಡು ಗೌಹರ್ ಹೋದ. ಮತ್ತೆ ಬಂದ. ಮತ್ತೊಂದು ಹೊರೆ. ಹೋದ. ಮೂರನೆಯ ಸಲ ಬರುವಾಗ ಅವನೇ ನಗುತ್ತಿದ್ದ. ಬೀದಿಯೂ ನಗುತ್ತಿತ್ತು. ಇತ್ತ ಅಮಾನುಲ್ಲಾನ ಶೆಡ್ಡಿನಲ್ಲಿ ಕಡೆಯ ಗೂಡಿನ ಎಳೆ ಮುಗಿದು ಒಲೆಯ ಬಾಗಿಲು ಹಾಕಿದ ಮೇಲೂ, ಗೌಹರ್ ಹೊತ್ತುಕೊಂಡು ಹೋದದ್ದನ್ನು ಬಿಟ್ಟೂ, ಬೆಕ್ಕು ಮಲಗಲು ಬೇಕಾದಷ್ಟು ಸೌದೆ ಬಾಗಿಲಲ್ಲೇ ಇತ್ತು.

ಯಾಮಿನಿ ಲೆಕ್ಕ ಕೂಡಿಸುತ್ತಿದ್ದಾಗ ತರನ್ನುಮ್ ಅವಳ ಹೆಗಲ ಮೇಲಿಂದ ಟ್ಯಾಬಿಗೆ ಕಣ್ಣು ನೆಟ್ಟಿದ್ದಳು. ಕಾಲು ಭಾಗ ದಾಟಿತು. ದಾಟಿ ಇನ್ನೂ ಮುಂದೆ ಹೋಯಿತು. ಯಾಮಿನಿ ಗುಂಡಿ ಒತ್ತಿದಳು. ಪರದೆಯ ಮೇಲೆ ಸುರುಳಿ ಸುತ್ತಿತು, ಸುತ್ತಿತು, ನೆಟ್‌ವರ್ಕ್ ಇಲ್ಲ ಎಂದಿತು. ತರನ್ನುಮ್ ಟ್ಯಾಬನ್ನು ಕಿತ್ತುಕೊಂಡು ಮಹಡಿಯ ಮೆಟ್ಟಿಲು ಹತ್ತಿದಳು. ನೀರಿನ ಟ್ಯಾಂಕಿನ ಪಕ್ಕ ನಿಂತು ಕೈ ಮೇಲೆತ್ತಿ ಹಿಡಿದಳು. ಕೆಳಗೆ ಎರಡು ಶೆಡ್ಡಿನವರೂ ಬಾಯಿ ತೆರೆದು ನೋಡುತ್ತಿದ್ದರು.

"ಹೋಯ್ತು!" ಎಂದು ಅವಳು ಕೂಗಿದಳು. "ಹೋಯ್ತು, ಒಲೆ ನಮ್ದೇ!"

ವೆಂಕಟರತ್ನಮ್ಮ ಕೆಳಗಿನಿಂದಲೇ, "ಹಂಗಾದ್ರೆ ನಾಳೆ ಬರ್ತೀನಿ!" ಎಂದು ಕೂಗಿದಳು.

ಗೌಹರ್ ಮುಖದ ಮಸಿಯನ್ನು ಟವಲಿನಲ್ಲಿ ಒರೆಸಿಕೊಂಡು ಹೊಸ ಒಲೆಯ ಸುತ್ತ ಒಂದು ಸುತ್ತು ಬಂದ. ಗಾಳಿಯ ಬಾಗಿಲನ್ನು ತೆಗೆದು ಹಾಕಿ ನೋಡಿದ. ಆಮೇಲೆ ಮೆಟ್ಟಿಲಿಳಿದು ಬಂದ ತರನ್ನುಮ್‌ಗೆ, ಅಮಾನುಲ್ಲಾನ ಕಡೆ ನೋಡದೆ ಹೇಳಿದ, "ಮುಂದಿನ ಪಟ್ಟೀಲಿ ನನ್ನ ಹೆಸರೂ ಸೇರ್ಸಮ್ಮಾ. ನನ್ನ ಹಳೇ ಒಲೆ ಎಷ್ಟು ತಿಂತೈತೆ ಅಂತ ಹೆಂಗೂ ಇವತ್ತು ತೂಗಿ ಆಯ್ತಲ್ಲ, ಬೀದಿ ಎದುರಿಗೇ."

"ಸೇರ್ಸ್ತಾಳೆ" ಎಂದ ಅಮಾನುಲ್ಲಾ. "ಆದ್ರೆ ನೂಮಾನ್ ಮದುವೆ ಸೌದೇಲಿ ಅರ್ಧ ನಂಗೆ ಕೊಡ್ಬೇಕು. ನನ್ನ ಮಗಳ ಬಿರಿಯಾನಿನ ನೀಲಗಿರಿ ಬೊಡ್ಡೇಲಿ ಇಳಿಸ್ಲಾ?"

"ಅವಳ ಮದುವೆ ಎಲ್ಲಿ ಗೊತ್ತಾಗೈತೆ?"

"ಗೊತ್ತಾಗಿಲ್ಲ" ಎಂದಳು ತರನ್ನುಮ್, ಟ್ಯಾಬನ್ನು ಯಾಮಿನಿಯ ಕೈಗೆ ಕೊಡುತ್ತ. "ಮೊದಲು ಹೊಸ ಹುಣಸೆ ಸೌದೆ ಬಂದು ಒಣಗ್ಲಿ. ಅದಕ್ಕೂ ಟೈಮ್ ಬೇಕು." ಅವಳು ಪೊರಕೆ ತಂದು, ಬಾಗಿಲಲ್ಲಿ ಉಳಿದಿದ್ದ ಸೌದೆಯನ್ನು ನಾಳೆಗೆ ಬೇಕೆಂದು ಒಂದು ಕಡೆ ಗುಡಿಸತೊಡಗಿದಳು.